ನಾವ್ಯಾಕೆ ಕೋತಿ ಕಳಿಸಲಿಲ್ಲ?

2025ರ ಜುಲೈ 15, ಮಂಗಳವಾರ. ವರ್ಕ್ ಫ್ರಮ್ ಹೋಮ್ ಅಂತ ಮ್ಯಾನೇಜರಿಗೆ ಹೇಳಿ ಊರಿಗೆ ಬಂದಿದ್ದೆ. ಊರು ಅಂದ್ರೆ ಶೆಟ್ಟಿಹಳ್ಳಿ, ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹೆಸರು ಕೇಳಿರದಿದ್ದರೂ ಫೋಟೋ ಖಂಡಿತ ನೋಡಿರ್ತೀರಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಸೂರಿಲ್ಲದೆ ನಿಂತಿರೋ ಹಳೇ ಚರ್ಚ್ ಇದೆಯಲ್ಲ, ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಬೆಂಗಳೂರಿನಿಂದ ಜೋಡಿಗಳು ಬರ್ತಾರಲ್ಲ, ಅದೇ ಶೆಟ್ಟಿಹಳ್ಳಿ.

ಮಧ್ಯಾಹ್ನ ಮೂರು ಗಂಟೆ. ಟಿವಿಯಲ್ಲಿ ಶುಭಾಂಶು ಶುಕ್ಲಾ ಕೂತಿದ್ದ ಕ್ಯಾಪ್ಸೂಲ್ ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಇಳೀತಾ ಇತ್ತು. ಮನೆಯವರೆಲ್ಲ ಮುಂದೆ ಕೂತಿದ್ದೆವು. ಅದೇ ಹೊತ್ತಿಗೆ ಮಾಡಿನ ಮೇಲೆ ಧಡಧಡ ಸದ್ದು. ಕೋತಿ ಹಿಂಡು ಬಂದಿತ್ತು. ಒಂದು ಹೆಂಚು ಜಾರಿ ಅಂಗಳಕ್ಕೆ ಬಿತ್ತು. ದೊಡ್ಡಪ್ಪ ಟಿವಿಯಿಂದ ಕಣ್ಣು ತೆಗೆಯದೇ ಕೇಳಿದರು:

"ಅಲ್ಲಾ ಕಣ್ಲಾ, ಮನುಷ್ಯನ್ನ ಮೇಲಕ್ಕೆ ಕಳ್ಸೋ ಮುಂಚೆ ಕೋತಿ ಕಳಿಸಿ ನೋಡ್ತಾರಂತಲ್ಲ. ನಮ್ಮೋರು ಯಾವಾಗ ಕಳಿಸಿದ್ರು?"

"ನಮ್ಮೋರು ಕಳಿಸಿಲ್ಲ ದೊಡ್ಡಪ್ಪ."

"ಕಳಿಸ್ಬೋದಿತ್ತಲ್ಲ. ಈ ಊರಿಂದಾನೇ ಒಂದು ಲಾರಿ ತುಂಬಿ ಕೊಡ್ತಿದ್ವಿ."

ಎಲ್ಲರೂ ನಕ್ಕರು. ನಾನು ಮಾತ್ರ ನಗೋ ಬದಲು ಭಾಷಣ ಶುರು ಮಾಡಿದೆ. ನಮ್ಮದು ಪ್ರಾಣಿಗಳಿಗೆ ಹಿಂಸೆ ಕೊಡೋ ದೇಶ ಅಲ್ಲ, ಹನುಮಂತನ್ನ ಪೂಜೆ ಮಾಡೋರು ನಾವು, ಅದಕ್ಕೇ ಕೋತಿ ಬದಲು ರೋಬೋ ಮಾಡಿದ್ದೀವಿ, ಅದರ ಹೆಸರು ವ್ಯೋಮಮಿತ್ರ ಅಂತ. ಆಫೀಸಿನ ವಾಟ್ಸಾಪ್ ಗ್ರೂಪಿಗೆ ಇಂಥದ್ದೇ ಒಂದು ಫಾರ್ವರ್ಡ್ ಬಂದಿತ್ತು, ನಾನೂ ಅದನ್ನ ಹೆಮ್ಮೆಯಿಂದ ಇನ್ನು ನಾಲ್ಕು ಗ್ರೂಪಿಗೆ ತಳ್ಳಿದ್ದೆ. ದೊಡ್ಡಪ್ಪ ಪೂರ್ತಿ ಕೇಳಿ "ಹಂಗಾ" ಅಂದರು. ಆಮೇಲೆ ಪಟಾಕಿ ತಗೊಂಡು ಕೋತಿ ಓಡಿಸೋಕೆ ಹೊರಗೆ ಹೋದರು.

ಆ "ಹಂಗಾ" ಇದೆಯಲ್ಲ, ಅದು ಕಾಡಿಬಿಟ್ಟಿತು. ಆ ವಾರ ಪೂರ್ತಿ ರಾತ್ರಿ ಕೂತು ಓದಿದೆ. ನಾನು ಹೇಳಿದ್ದರಲ್ಲಿ ಒಂದು ಸಾಲು ಮಾತ್ರ ನಿಜ. ಭಾರತ ಬಾಹ್ಯಾಕಾಶಕ್ಕೆ ಕೋತಿ ಕಳಿಸಿಲ್ಲ. ಮಿಕ್ಕಿದ್ದು ಅಷ್ಟು ಸರಳ ಇಲ್ಲ.

ಮೊದಲು ಕಳಿಸಿದವರ ಕಥೆ ನೋಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಿಂದ ತಂದ ವಿ-2 ರಾಕೆಟ್‌ಗಳು ಅಮೆರಿಕದವರ ಕೈಲಿದ್ದವು. 1947ರ ಫೆಬ್ರವರಿಯಲ್ಲಿ ಅದರಲ್ಲಿ ಹಣ್ಣುನೊಣ ಕಳಿಸಿದರು, ಅವು ಬದುಕಿ ಬಂದವು. ಮುಂದಿನ ವರ್ಷ, 1948ರ ಜೂನ್ 11ರಂದು, ಆಲ್ಬರ್ಟ್ ಅನ್ನೋ ಕೋತಿಯನ್ನ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ ಹಾರಿಸಿದರು. ಪಾಪ, ಉಸಿರುಗಟ್ಟಿ ಸತ್ತಿತು. 1949ರ ಜೂನ್ 14ಕ್ಕೆ ಎರಡನೇ ಆಲ್ಬರ್ಟ್. ಅದು 134 ಕಿಲೋಮೀಟರ್ ಎತ್ತರಕ್ಕೆ ಹೋಯಿತು, ಬಾಹ್ಯಾಕಾಶ ಮುಟ್ಟಿದ ಮೊದಲ ಕೋತಿ ಅದೇ. ವಾಪಸ್ ಬರುವಾಗ ಪ್ಯಾರಾಚೂಟ್ ಕೆಲಸ ಮಾಡಲಿಲ್ಲ. ಮೂರನೇ ಆಲ್ಬರ್ಟ್ ಇದ್ದ ರಾಕೆಟ್ ಸಿಡಿಯಿತು. ನಾಲ್ಕನೆಯದಕ್ಕೂ ಐದನೆಯದಕ್ಕೂ ಮತ್ತೆ ಪ್ಯಾರಾಚೂಟೇ ಕೈಕೊಟ್ಟಿತು. 1951ರ ಸೆಪ್ಟೆಂಬರಿನಲ್ಲಿ ಆರನೆಯದು ಜೀವಂತವಾಗಿ ನೆಲ ಮುಟ್ಟಿತು, ಕೆಲವೇ ಗಂಟೆಗಳಲ್ಲಿ ಅದೂ ಹೋಯಿತು. ಗಮನಿಸಿ, ಇದರಲ್ಲಿ ಮೂರನ್ನ ಬಾಹ್ಯಾಕಾಶ ಕೊಲ್ಲಲಿಲ್ಲ. ಕೊಂದದ್ದು ಪ್ಯಾರಾಚೂಟ್. ಬಟ್ಟೆ, ಹಗ್ಗ, ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಬೇಕಾದ ಕೊಂಡಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟಿಂಗ್ ಮಾಡದೆ ನೇರ ಪ್ರೊಡಕ್ಷನ್‌ಗೆ ಬಿಟ್ಟಿದ್ದರು.

ಈ ಆಲ್ಬರ್ಟ್‌ಗಳ ಪೈಕಿ ಹೆಚ್ಚಿನವು ರೀಸಸ್ ಜಾತಿಯವು. ರೀಸಸ್ ಅಂದ್ರೆ ಯಾವುದು? ದೆಹಲಿಗೆ ಹೋದವರು ಸರ್ಕಾರಿ ಕಟ್ಟಡಗಳ ಮೇಲೆ ನೋಡಿರ್ತೀರಲ್ಲ, ಕೆಂಪು ಮುಖ, ಗಿಡ್ಡ ಬಾಲ, ಕೈಯಲ್ಲಿರೋ ಚಿಪ್ಸ್ ಪ್ಯಾಕೆಟ್ ಕಿತ್ಕೊಂಡು ಹೋಗುತ್ತಲ್ಲ, ಅದೇ. ನಮ್ಮ ಹಾಸನ ಕಡೆ ಕೋತಿ ಬೇರೆ ಜಾತಿ. ಉದ್ದ ಬಾಲ, ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲು, ಬಾನೆಟ್ ಮಕಾಕ್ ಅಂತಾರೆ. ಹಾಗಾಗಿ ದೊಡ್ಡಪ್ಪನ ಲಾರಿ ಲೋಡ್ ಅಮೆರಿಕದವರಿಗೂ ಬೇಕಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ರೀಸಸ್. ಆ ಕಾಲದಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಹೋಗ್ತಿದ್ದದ್ದು ಬಹುಪಾಲು ಭಾರತದಿಂದಲೇ. ಕಳ್ಳಸಾಗಣೆ ಅಲ್ಲ, ಸರ್ಕಾರದ ಒಪ್ಪಿಗೆ ಇದ್ದ, ವಿದೇಶಿ ವಿನಿಮಯ ತರ್ತಿದ್ದ ವ್ಯಾಪಾರ. ಪೋಲಿಯೋ ಲಸಿಕೆ ಬೆಳೆಸೋಕೆ ಕೋತಿಯ ಮೂತ್ರಪಿಂಡದ ಜೀವಕೋಶ ಬೇಕಿತ್ತು. 1950ರ ದಶಕದ ಕೊನೆಗೆ ವರ್ಷಕ್ಕೆ ಲಕ್ಷ ದಾಟಿ ಕೋತಿಗಳು ಇಲ್ಲಿಂದ ವಿಮಾನ ಹತ್ತುತ್ತಿದ್ದವು. ಉತ್ತರ ಪ್ರದೇಶದ ಊರುಗಳಲ್ಲಿ ಬಲೆ ಹಾಕಿ ಹಿಡಿದು, ಪಂಜರಕ್ಕೆ ತುಂಬಿ, ಲಂಡನ್ ಮೇಲೆ ಹಾಯ್ದು ನ್ಯೂಯಾರ್ಕ್‌ಗೆ.

1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಹೀಗೆ ಸಾಗಿಸ್ತಿದ್ದ ಮುನ್ನೂರಕ್ಕೂ ಹೆಚ್ಚು ಕೋತಿಗಳು ಮುಚ್ಚಿದ ವ್ಯಾನಿನೊಳಗೆ ಉಸಿರುಗಟ್ಟಿ ಸತ್ತವು. ಇಲ್ಲಿ ಗದ್ದಲ ಆಯಿತು. ಸರ್ಕಾರ ಮಾರ್ಚ್‌ನಲ್ಲಿ ರಫ್ತು ನಿಲ್ಲಿಸಿತು. ಲಸಿಕೆ ನಿಂತೇಹೋಗುತ್ತೆ ಅಂತ ಅಮೆರಿಕ ಬೇಡಿಕೊಂಡ ಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟರು: ಪೋಲಿಯೋ ಲಸಿಕೆಗೆ, ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸಬೇಕು.

ಈ ಷರತ್ತಿನ ನೆರಳಲ್ಲೇ ಬರುತ್ತೆ ನನಗೆ ಅತ್ಯಂತ ವಿಚಿತ್ರ ಅನ್ನಿಸಿದ ಪ್ರಸಂಗ. 1959ರಲ್ಲಿ ಅಮೆರಿಕದ ಸೇನೆ ಜುಪಿಟರ್ ಅನ್ನೋ ಕ್ಷಿಪಣಿಯ ಮೂತಿಯಲ್ಲಿ ಎರಡು ಕೋತಿ ಕೂರಿಸಿ ಹಾರಿಸೋಕೆ ಸಿದ್ಧವಾಗಿತ್ತು. ದೊಡ್ಡದು ರೀಸಸ್, ಅದಕ್ಕೆ ತಿಂಗಳುಗಟ್ಟಲೆ ತರಬೇತಿ ಆಗಿತ್ತು. ತರಬೇತಿ ಪಡೆದದ್ದು ಭಾರತದಲ್ಲಿ ಹುಟ್ಟಿದ ಕೋತಿ. ಇನ್ನೇನು ಹಾರಾಟ ಹತ್ತಿರ ಬಂತು ಅನ್ನುವಾಗ ಮೇಲಿನಿಂದ ಆದೇಶ: ಭಾರತದ ಕೋತಿ ಬೇಡ. ಅಲ್ಲಿ ಅದು ಪವಿತ್ರ ಪ್ರಾಣಿ, ಏನಾದರೂ ಹೆಚ್ಚುಕಡಿಮೆ ಆದರೆ ಭಾರತದವರ ಮನಸ್ಸಿಗೆ ನೋವಾಗುತ್ತೆ. ಅಮೆರಿಕದಲ್ಲೇ ಹುಟ್ಟಿದ್ದು ಹುಡುಕಿ. ಕಾನ್ಸಾಸ್ ರಾಜ್ಯದ ಇಂಡಿಪೆಂಡೆನ್ಸ್ ಅನ್ನೋ ಸಣ್ಣ ಊರಿನ ಮೃಗಾಲಯದಲ್ಲಿ ಹುಟ್ಟಿದ ಒಂದು ಹೆಣ್ಣು ರೀಸಸ್ ಸಿಕ್ಕಿತು. ಅದೇ ಏಬಲ್.

ಇದನ್ನ ಓದಿದಾಗ ಮೊದಲು ನಗು ಬಂತು. ಪೂರ್ವಜರು ಗಂಗಾ ತೀರದವರೇ, ಆದರೆ ಪಾಸ್‌ಪೋರ್ಟ್ ಅಮೆರಿಕದ್ದು. ಎನ್ನಾರೈ ಕೋತಿಗೆ ದೋಷ ಇಲ್ಲ! ಆಮೇಲೆ ಯೋಚನೆ ಮಾಡಿದರೆ, ನನ್ನ ವಾಟ್ಸಾಪ್ ಹೆಮ್ಮೆಯೂ ಹೆಚ್ಚುಕಡಿಮೆ ಇದೇ ತರಹದ್ದು. ಕೋತಿ ಸಾಯಬಾರದು ಅನ್ನೋದಲ್ಲ ಅಲ್ಲಿನ ಕಾಳಜಿ, ನಮ್ಮ ಹೆಸರಲ್ಲಿ ಸಾಯಬಾರದು ಅಷ್ಟೇ.

ಮೇ 28ರಂದು ಏಬಲ್ ಮತ್ತು ಬೇಕರ್ ಹಾರಿದವು. ಬೇಕರ್ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಪೆರು ದೇಶದ ಪುಟ್ಟ ಅಳಿಲು ಕೋತಿ, ಮಯಾಮಿಯ ಸಾಕುಪ್ರಾಣಿ ಅಂಗಡಿಯಲ್ಲಿ ಕೊಂಡದ್ದು, ತೂಕ ಮುನ್ನೂರು ಗ್ರಾಂ ಚಿಲ್ಲರೆ. ಹದಿನಾರು ನಿಮಿಷದ ಹಾರಾಟ, ನೂರಾರು ಕಿಲೋಮೀಟರ್ ಎತ್ತರ, ಇಳಿಯುವಾಗ ಗುರುತ್ವದ 38 ಪಟ್ಟು ಒತ್ತಡ. ಎರಡೂ ಬದುಕಿ ಬಂದವು. ಪತ್ರಿಕೆಗಳಲ್ಲಿ ಫೋಟೋ, ಪತ್ರಿಕಾಗೋಷ್ಠಿ ಎಲ್ಲ ಆಯಿತು. ಆದರೆ ಏಬಲ್ ಮೈಯಲ್ಲಿ ಹೃದಯ ಬಡಿತ ಅಳೆಯೋಕೆ ಅಂತ ಎಲೆಕ್ಟ್ರೋಡ್ ಹೊಲಿದಿದ್ದರು, ಅದರಲ್ಲೊಂದು ಸೋಂಕಾಗಿತ್ತು. ಜೂನ್ 1ರಂದು ಅದನ್ನ ತೆಗೆಯೋ ಸಣ್ಣ ಆಪರೇಷನ್ ಮಾಡುವಾಗ ಅರಿವಳಿಕೆ ತಡೆಯದೆ ಏಬಲ್ ಸತ್ತಿತು. ಅದರ ದೇಹಕ್ಕೆ ಹೊಟ್ಟು ತುಂಬಿ, ಹಾರಿದ ಸೀಟಿನಲ್ಲೇ ಪಟ್ಟಿ ಬಿಗಿದು ಕೂರಿಸಿದರು. ಅದು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಆಸ್ತಿ. ಬೇಕರ್ ಮಾತ್ರ 1984ರ ನವೆಂಬರ್ ತನಕ ಬದುಕಿತ್ತು. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿರೋ ಅದರ ಸಮಾಧಿ ಮೇಲೆ ಜನ ಇವತ್ತಿಗೂ ಬಾಳೆಹಣ್ಣು ಇಟ್ಟು ಬರ್ತಾರೆ.

ಆಮೇಲಿನ ಪಟ್ಟಿ ಉದ್ದ ಇದೆ. ಸ್ಯಾಮ್, ಮಿಸ್ ಸ್ಯಾಮ್, ಕ್ಯಾಮರೂನಿನಿಂದ ತಂದ ಚಿಂಪಾಂಜಿ ಹ್ಯಾಮ್, ಭೂಮಿ ಸುತ್ತಿದ ಚಿಂಪಾಂಜಿ ಈನೋಸ್. 1967ರಲ್ಲಿ ಫ್ರಾನ್ಸ್, 1969ರಲ್ಲಿ ಅರ್ಜೆಂಟೀನಾ. ತೀರಾ ಇತ್ತೀಚಿನದು 2013ರ ಇರಾನ್. ಅವರು ಹೋಗುವ ಮುಂಚಿನ ಕೋತಿ ಮತ್ತು ಬಂದ ಮೇಲಿನ ಕೋತಿ ಅಂತ ಹಂಚಿದ ಫೋಟೋಗಳಲ್ಲಿ ಒಂದರ ಕಣ್ಣಿನ ಮೇಲೆ ಮಚ್ಚೆ, ಇನ್ನೊಂದಕ್ಕೆ ಇಲ್ಲ! ತಪ್ಪು ಫೋಟೋ ಹೋಗಿತ್ತು ಅಂತ ಸಮಜಾಯಿಷಿ ಕೊಟ್ಟರು, ಜಗತ್ತೆಲ್ಲ ನಕ್ಕಿತು.

ಈಗ ನಮ್ಮ ಸರದಿ. ಹಾಸನದವರಿಗೆ ಬಾಹ್ಯಾಕಾಶ ದೂರದ ಮಾತಲ್ಲ. ಸಾಲಗಾಮೆ ರಸ್ತೆಯಲ್ಲಿ ಹೋದರೆ ಇಸ್ರೋದ ದೊಡ್ಡ ದೊಡ್ಡ ಬಿಳಿ ತಟ್ಟೆಗಳು ಕಾಣಿಸುತ್ತವೆ. ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ನಮಗೆಲ್ಲ ಎಂಸಿಎಫ್. 1982ರಲ್ಲಿ ಶುರುವಾಯಿತು. ಹೇಮಾವತಿ ಅಣೆಕಟ್ಟು ಮುಗಿದು ನಮ್ಮ ಕಡೆಯ ಹೊಲಗಳು ನೀರಿಗೆ ಹೋಗಿ ಆಗಷ್ಟೇ ಮೂರು ವರ್ಷ ಆಗಿತ್ತು. ಅದು ನೋಡಿಕೊಳ್ಳಬೇಕಿದ್ದ ಮೊದಲ ಉಪಗ್ರಹ ಇನ್ಸಾಟ್-1ಎ ಅದೇ ಸೆಪ್ಟೆಂಬರಿನಲ್ಲಿ ಕೈತಪ್ಪಿತು. ಮುಂದಿನ ವರ್ಷ ಇನ್ಸಾಟ್-1ಬಿ ಮೇಲೆ ಹೋದಾಗ ಸೌರಫಲಕ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತ್ತು. ಹಲವು ದಿನ ಹೆಣಗಿ ಅದನ್ನ ಬಿಡಿಸಿದರು, ದೇಶದ ಮನೆಮನೆಗೆ ಟಿವಿ ಬಂದದ್ದು ಆಮೇಲೆ. ಇಲ್ಲಿಂದ ಆಕಾಶದ ಕಡೆ ಕೆಲಸ ನಡೆದದ್ದೆಲ್ಲ ಯಂತ್ರದ್ದು. ಪ್ರಾಣಿ ಕಳಿಸೋ ಪ್ರಶ್ನೆ ಬರೋಕೆ ಮನುಷ್ಯನನ್ನ ಕಳಿಸೋ ಯೋಚನೆ ಇರಬೇಕಲ್ಲ. ಅದು ನಮ್ಮ ಇಸ್ರೋಗೆ ಗಟ್ಟಿಯಾಗಿ ಬಂದದ್ದು 2018ರ ಆಗಸ್ಟ್ 15ರಂದು, ಗಗನಯಾನದ ಘೋಷಣೆ ಆದಾಗ.

ಅಷ್ಟೊತ್ತಿಗೆ ಆಲ್ಬರ್ಟ್ ಸತ್ತು ಎಪ್ಪತ್ತು ವರ್ಷ. ತೂಕವಿಲ್ಲದ ಕಡೆ ಅನ್ನ ನುಂಗೋಕೆ ಆಗುತ್ತಾ, ಹೃದಯ ಬಡಿಯುತ್ತಾ, ತಲೆ ಓಡುತ್ತಾ ಅನ್ನೋ ಪ್ರಶ್ನೆಗಳಿಗೆಲ್ಲ ಉತ್ತರ ಪಠ್ಯಪುಸ್ತಕದಲ್ಲಿತ್ತು. ಇಸ್ರೋಗೆ ಉಳಿದಿದ್ದ ಪ್ರಶ್ನೆ ಬೇರೆ. ನಾವು ಮಾಡಿದ ಡಬ್ಬಿ ಸರಿ ಇದೆಯಾ? ಒಳಗಿನ ಗಾಳಿ, ಒತ್ತಡ, ತೇವ, ಶಾಖ ಮನುಷ್ಯ ತಡೆಯೋ ಮಿತಿಯಲ್ಲಿ ಇರುತ್ತಾ? ಪ್ಯಾರಾಚೂಟ್ ಬಿಚ್ಚುತ್ತಾ? ಇದಕ್ಕೆ ಕೋತಿ ಬೇಡ, ಸೆನ್ಸರ್ ಸಾಕು. 2014ರ ಡಿಸೆಂಬರಿನಲ್ಲಿ ಖಾಲಿ ಕ್ಯಾಪ್ಸೂಲ್ ಹಾರಿಸಿ ಸಮುದ್ರಕ್ಕೆ ಇಳಿಸಿದರು. 2018ರ ಜುಲೈ ಮತ್ತು 2023ರ ಅಕ್ಟೋಬರಿನಲ್ಲಿ ಅಪಾಯದಿಂದ ಪಾರಾಗೋ ವ್ಯವಸ್ಥೆ ಪರೀಕ್ಷೆ ಮಾಡಿದರು, ಒಳಗೆ ಯಾವ ಜೀವವೂ ಇರಲಿಲ್ಲ. ಐದು ಆಲ್ಬರ್ಟ್‌ಗಳು ಕಲಿಸಿದ ಪಾಠ ಅಂದ್ರೂ ತಪ್ಪಲ್ಲ.

2020ರ ಜನವರಿ 22ರಂದು ಬೆಂಗಳೂರಿನಲ್ಲಿ ವ್ಯೋಮಮಿತ್ರಳನ್ನ ತೋರಿಸಿದರು. ಕಾಲಿಲ್ಲದ, ಸೊಂಟದ ಮೇಲಷ್ಟೇ ಇರೋ ಹೆಣ್ಣು ರೂಪದ ರೋಬೋ. ಮಾನವರಹಿತ ಹಾರಾಟದಲ್ಲಿ ಹೋಗಿ ಕ್ಯಾಪ್ಸೂಲ್ ಒಳಗಿನ ಸ್ಥಿತಿ ಗಮನಿಸಿ, ಸ್ವಿಚ್ ಒತ್ತಿ, ಎಚ್ಚರಿಕೆ ಕೊಡೋದು ಅವಳ ಕೆಲಸ. ಹಿಂದಿ, ಇಂಗ್ಲಿಷ್ ಎರಡೂ ಮಾತಾಡ್ತಾಳೆ. ಬೆಂಗಳೂರಲ್ಲಿ ಕೆಲಸಕ್ಕೆ ಬಂದು ಕನ್ನಡ ಕಲಿಯದವರ ಪಟ್ಟಿಗೆ ಅವಳನ್ನೂ ಸೇರಿಸಬಹುದು.

ಒಳ್ಳೇ ನಿರ್ಧಾರವೇ ಅದು, ನನಗೆ ಅನುಮಾನ ಇಲ್ಲ. ಆದರೆ "ಕೋತಿ ಬದಲು ರೋಬೋ" ಅನ್ನೋದು ಪೂರ್ತಿ ಸರಿಯಲ್ಲ. ರೋಬೋ ಡಬ್ಬಿಯನ್ನ ಅಳೆಯುತ್ತೆ, ದೇಹವನ್ನಲ್ಲ. ದೇಹದ ಲೆಕ್ಕ ನಮಗೆ ಬೇರೆಯವರಿಂದ ಬಂದದ್ದು. ಒಂದು ತಾರೀಖು ಹೇಳ್ತೀನಿ. ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದದ್ದು 1984ರ ಏಪ್ರಿಲ್ 3. ಅದಕ್ಕೆ ನಾಲ್ಕು ತಿಂಗಳು ಮುಂಚೆ, 1983ರ ಡಿಸೆಂಬರ್ 14ರಂದು, ಅದೇ ಸೋವಿಯತ್ ದೇಶ ತನ್ನ ಮೊದಲ ಕೋತಿಗಳನ್ನ ಕಕ್ಷೆಗೆ ಕಳಿಸಿತ್ತು. ಹೆಸರು ಅಬ್ರೆಕ್, ಬಿಯೋನ್. ಇವೂ ರೀಸಸ್. ಗಗಾರಿನ್ ಹೋಗಿ ಇಪ್ಪತ್ತೆರಡು ವರ್ಷ ಆದ ಮೇಲೂ ಕೋತಿ ಯಾಕೆ? ಯಾಕಂದ್ರೆ ಮನುಷ್ಯನ ತಲೆಬುರುಡೆಗೆ ತೂತು ಕೊರೆದು ಎಲೆಕ್ಟ್ರೋಡ್ ಇಡೋಕೆ ಆಗಲ್ಲ. ಕೋತಿಗೆ ಇಟ್ಟರು. ಆ ಸರಣಿ 1997ರ ಜನವರಿ ತನಕ ನಡೆಯಿತು. ಕೊನೇ ಹಾರಾಟದಿಂದ ಬಂದ ಮುಲ್ತಿಕ್ ಅನ್ನೋ ಕೋತಿ ಮಾರನೇ ದಿನ ಅರಿವಳಿಕೆಯಲ್ಲಿ ಸತ್ತ ಮೇಲೆ, ಜೊತೆಗಿದ್ದ ಅಮೆರಿಕ ಕೈತೊಳೆದುಕೊಂಡಿತು. ನಮ್ಮ ನಾಲ್ವರು ಗಗನಯಾತ್ರಿಗಳು 2020ರಿಂದ ಒಂದು ವರ್ಷ ತರಬೇತಿ ಪಡೆದದ್ದು ಮಾಸ್ಕೋ ಹತ್ತಿರದ ಗಗಾರಿನ್ ಕೇಂದ್ರದಲ್ಲಿ. ಅಲ್ಲಿನ ವೈದ್ಯರಿಗೆ ಗೊತ್ತಿರೋದರಲ್ಲಿ ಒಂದು ಪಾಲು ಈ ಕೋತಿಗಳದ್ದು.

ಇನ್ನು "ನಾವು ಪ್ರಾಣಿ ಹಿಂಸೆ ಮಾಡಲ್ಲ" ಅನ್ನೋದು. ಮಾಡ್ತೀವಿ. ನಿಮ್ಮಲ್ಲಿ ಎಷ್ಟೋ ಜನ ಕೋವ್ಯಾಕ್ಸಿನ್ ಹಾಕಿಸಿಕೊಂಡಿರ್ತೀರಿ. 2020ರ ಲಾಕ್‌ಡೌನಿನಲ್ಲಿ ನಾಗಪುರ ಕಡೆಯ ಕಾಡಿನಿಂದ 20 ರೀಸಸ್ ಕೋತಿ ಹಿಡಿದು ತಂದು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅವುಗಳ ಮೇಲೆ ಆ ಲಸಿಕೆ ಪರೀಕ್ಷೆ ಮಾಡಿದರು. ಅಮ್ಮ, ಅಪ್ಪ, ದೊಡ್ಡಪ್ಪ ಎಲ್ಲರಿಗೂ ಅದೇ ಹಾಕಿಸಿದ್ದು ನಾನು. ಬೇಡವಿತ್ತು ಅಂತ ಹೇಳೋ ಧೈರ್ಯ ನನಗಿಲ್ಲ. ಅಮೆರಿಕಕ್ಕೆ ಕೋತಿ ಕಳಿಸೋದನ್ನ ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್ 1ರಿಂದ ಪೂರ್ತಿ ನಿಲ್ಲಿಸಿತು ನಿಜ. ಲಸಿಕೆಗೆ ಅಂತ ಕೊಟ್ಟ ಕೋತಿಗಳನ್ನ ಅಲ್ಲಿನ ಸೇನೆ ವಿಕಿರಣದ ಪ್ರಯೋಗಕ್ಕೆ ಬಳಸಿದ್ದು ಬಯಲಾದ ಮೇಲೆ. ಅದು ಗಟ್ಟಿ ನಿರ್ಧಾರ, ಆ ಹೆಮ್ಮೆ ಇರಲಿ. ಆದರೆ ಅದಕ್ಕೆ ಮುಂಚೆ ಮೂವತ್ತು ವರ್ಷ ನಾವು ಮಾರಿದ್ದೆವು ಅನ್ನೋದೂ ಇರಲಿ.

ನಮ್ಮ ಜಿಲ್ಲೆಯದ್ದೇ ಒಂದು ಸುದ್ದಿ ಇದೆ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲೂಕಿನ ಚೌಡನಹಳ್ಳಿ ಹತ್ತಿರ ರಸ್ತೆ ಪಕ್ಕ ಚೀಲಗಳು ಬಿದ್ದಿದ್ದವು. ಊರಿನ ಹುಡುಗರು ಬಿಚ್ಚಿ ನೋಡಿದರೆ ಕೋತಿಗಳು. ವಿಷ ಹಾಕಿ, ಚೀಲಕ್ಕೆ ತುಂಬಿ ತಂದು ಎಸೆದಿದ್ದರು. 38 ಸತ್ತಿದ್ದವು. ಇನ್ನೂ ಉಸಿರಾಡ್ತಿದ್ದ ಕೆಲವಕ್ಕೆ ಹುಡುಗರು ನೀರು ಕುಡಿಸಿದ ವಿಡಿಯೋ ನೀವೂ ನೋಡಿರಬಹುದು. ಹೈಕೋರ್ಟ್ ತಾನೇ ಮುಂದಾಗಿ ಕೇಸು ದಾಖಲಿಸಿಕೊಂಡಿತು. ಬಾಹ್ಯಾಕಾಶ ಕಾರ್ಯಕ್ರಮಗಳಲ್ಲಿ ಸತ್ತ ಕೋತಿಗಳಿಗೆ ಹೆಸರಾದರೂ ಇತ್ತು.

ಇದೆಲ್ಲ ಓದಿದ ಮೇಲೆ ಶುಕ್ಲಾ ಜೊತೆ ಹೋದ ಜೀವಗಳ ಪಟ್ಟಿ ನೋಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಪ್ರಯೋಗಕ್ಕೆ ಟಾರ್ಡಿಗ್ರೇಡ್, ಅಂದ್ರೆ ಬರಿಗಣ್ಣಿಗೆ ಸರಿಯಾಗಿ ಕಾಣದ, ಎಂಟು ಕಾಲಿನ ನೀರುಕರಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗಕ್ಕೆ ಮೊಳಕೆ ಬರಿಸೋಕೆ ಹೆಸರುಕಾಳು, ಮೆಂತ್ಯೆ. ಎಪ್ಪತ್ತೈದು ವರ್ಷ ತಡವಾಗಿ ಹೊರಟವರಿಗೆ ಇರೋ ಅನುಕೂಲ ಇದು. ಹೆಸರುಕಾಳು ತಗೊಂಡು ಹೋಗಬಹುದು.

ಹೊರಡೋ ಹಿಂದಿನ ಸಂಜೆ ದೊಡ್ಡಪ್ಪನ ಜೊತೆ ಹಿನ್ನೀರಿನ ಕಡೆ ನಡಕೊಂಡು ಹೋಗಿದ್ದೆ. ಮಳೆಗೆ ನೀರು ಏರಿ ಚರ್ಚಿನ ಬುಡ ಮುಳುಗಿತ್ತು. ನಾನು ಅವತ್ತು ಹೇಳಿದ್ದು ತಪ್ಪು ದೊಡ್ಡಪ್ಪ ಅಂತ ಶುರು ಮಾಡಿ ಆಲ್ಬರ್ಟ್, ಏಬಲ್, ಕಾನ್ಸಾಸ್ ಎಲ್ಲ ಹೇಳಿದೆ. ನಮ್ಮ ದೇಶದವರ ಮನಸ್ಸಿಗೆ ನೋವಾಗುತ್ತೆ ಅಂತ ಕೋತಿ ಬದಲಾಯಿಸಿದ್ರು ಅಂದಾಗ ನಿಂತರು.

"ಬದ್ಲಾಯ್ಸಿದ ಕೋತಿ ಏನಾಯ್ತು?"

"ಸತ್ತೋಯ್ತು."

"ಮೊದ್ಲು ಇದ್ದದ್ದು? ನಮ್ಮೂರಿಂದು?"

ಅದನ್ನ ನಾನು ಹುಡುಕಿಯೇ ಇರಲಿಲ್ಲ. ಸುಮ್ಮನಿದ್ದೆ. ಅವರು ನೀರಿನ ಕಡೆ ಕೈ ತೋರಿಸಿ, ಅಲ್ಲೆಲ್ಲೋ ಅಡಿಯಲ್ಲಿ ನಮ್ಮ ಹಳೇ ಹೊಲದ ಬದು ಇತ್ತು, ಅದರ ಮೇಲೆ ಎರಡು ಹುಣಸೆಮರ ಇದ್ದವು, ಕೋತಿಗಳು ಆಗ ಅಲ್ಲೇ ಇರ್ತಿದ್ವು, ಮನೆ ಹತ್ರ ಬರ್ತಾನೇ ಇರಲಿಲ್ಲ ಅಂದರು. ಮನೆಗೆ ಬಂದು ನೋಡಿದರೆ ಮಾಡಿನ ಮೇಲೆ ಮತ್ತೆ ಮೂರು ಕೂತಿದ್ದವು. ಪಟಾಕಿ ತರಲಾ ಅಂತ ಕೇಳಿದೆ.

"ಖಾಲಿಯಾಗಿದೆ ಕಣ್ಲಾ," ಅಂದರು. "ನಾಳೆ ಹಾಸನದಿಂದ ತರಬೇಕು."